ಸುತ್ತು ಹಾಕೋಕೆ ಬಟನ್ ಇಲ್ಲ

ನನ್ನ ತಮ್ಮನ ಮಾತು ಕೇಳಬೇಕು ಅಂದ್ರೆ ನಮ್ಮ ಮನೆಗೆ ಬಂದು ಪ್ರಯೋಜನ ಇಲ್ಲ. ಕೆಳಗಡೆ ಗೇಮ್ ಅಂಗಡಿಗೆ ಹೋಗಬೇಕು. ಮನೆಯಲ್ಲಿ ಅವನದು ಒಂದೇ ಮಾತು, ಹೂಂ. ಊಟ ಮಾಡ್ತೀಯಾ ಅಂದ್ರೂ ಹೂಂ, ಮಾಡಿದ್ಯಾ ಅಂದ್ರೂ ಹೂಂ, ಮನೆಗೆ ಬೆಂಕಿ ಬಿದ್ದಿದೆ ಕಣೋ ಅಂದ್ರೂ ಹೂಂ. ಅದನ್ನೂ ಹೇಳಿ ನೋಡಿದ್ದೀನಿ. ಟಿವಿ ಮುಂದಿಂದ ತಲೆ ಕೂಡ ತಿರುಗಿಸಲಿಲ್ಲ.

ಅಂಗಡಿ ಇರೋದು ನಮ್ಮ ಮೆಟ್ಟಿಲ ಕೆಳಗೆ. ಹಳೇ ವಿಡಿಯೋ ಗೇಮ್ ಡಿಸ್ಕುಗಳನ್ನ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ. ಅಂಗಡಿಯವನನ್ನ ಎಲ್ಲರೂ ಚಾರ್ಜರ್ ಅಂತ ಕರೀತಾರೆ, ಕೊರಳಲ್ಲಿ ಸದಾ ಫೋನಿನ ಚಾರ್ಜರ್ ನೇತಾಡ್ತಿರುತ್ತೆ. ಅವನಿಗೆ ಆಟ ಆಡಿದ್ರೆ ತಲೆ ಸುತ್ತುತ್ತೆ. ಗಿರಾಕಿಗಳು ಈ ಆಟ ಹೇಗಿದೆ ಅಂದ್ರೆ ಅವನಿಗೇನು ಗೊತ್ತು, ಡಬ್ಬಿ ಮೇಲಿನ ಚಿತ್ರ ನೋಡಿ ಬುರುಡೆ ಬಿಡ್ತಿದ್ದ. ಅದಕ್ಕೇ ನನ್ನ ತಮ್ಮನ ಹತ್ರ ಒಪ್ಪಂದ ಮಾಡ್ಕೊಂಡ. ಬಾಡಿಗೆ ಬೇಡ, ಆಡಿದ ಮೇಲೆ ಆರು ಸಾಲಿನ ಚೀಟಿ ಬರೆದುಕೊಡು, ಡಬ್ಬಿಯ ಬೆನ್ನಿಗೆ ಅಂಟಿಸ್ತೀನಿ ಅಂತ.

ಈಗ ಬರೋರು ಆಟ ನೋಡಲ್ಲ, ಚೀಟಿ ಓದ್ತಾರೆ. ನಾನೂ ಓದ್ತೀನಿ. ನನಗೆ ಆಟ ಅಂದ್ರೆ ಅಷ್ಟಕ್ಕಷ್ಟೇ. ಆದ್ರೆ ಹೊಟ್ಟೇಲಿ ಹುಟ್ಟದಿದ್ರೂ ಎತ್ತಿ ಆಡಿಸಿದ ತಮ್ಮ, ಏನು ಯೋಚನೆ ಮಾಡ್ತಿದ್ದಾನೆ ಅಂತ ತಿಳ್ಕೊಳ್ಳೋಕೆ ನನಗಿದ್ದ ದಾರಿ ಅದೊಂದೇ.

ಗುಂಡು ಹಾರಿಸೋ ಆಟದ ಮೇಲೆ ಬರೆದಿದ್ದಾನೆ: "ಸತ್ತೋರು ನಾಲ್ಕು ಸೆಕೆಂಡಲ್ಲಿ ಮಾಯ. ಎತ್ತೋರಿಲ್ಲ, ಯಾರಪ್ಪ ಇವನು ಅಂತ ಕೇಳೋರಿಲ್ಲ. ಕೈ ಚುರುಕಿದ್ದೋರಿಗೆ ಒಗ್ಗುತ್ತೆ." ಬಣ್ಣಬಣ್ಣದ ಇಟ್ಟಿಗೆ ಮೇಲಿಂದ ಬೀಳ್ತಾವಲ್ಲ, ಜೋಡಿಸೋದು, ಅದಕ್ಕೆ: "ಇದರಲ್ಲಿ ಯಾರೂ ಗೆಲ್ಲಲ್ಲ. ಸೋಲೋದನ್ನ ಮುಂದಕ್ಕೆ ಹಾಕೋದಷ್ಟೇ. ಮನೆಮಂದಿಯೆಲ್ಲ ಆಡಬಹುದು." ತೋಟ ಮಾಡೋ ಆಟ: "ನೀರು ಹಾಕಿದ್ರೆ ಬೆಳೆಯುತ್ತೆ. ಇಷ್ಟು ಪ್ರಾಮಾಣಿಕ ಆಟ ಬೇರೆ ಇಲ್ಲ. ಎರಡನೇ ದಿನಕ್ಕೆ ನಿದ್ದೆ ಬಂತು." ಕುಸ್ತಿ ಆಟಕ್ಕೆ: "ಹದಿನೈದು ದಿನ ಪಟ್ಟು ಕಲಿತೆ. ಚಾರ್ಜರ್ ಬಂದು ಕಣ್ಮುಚ್ಚಿ ಎಲ್ಲ ಬಟನ್ನೂ ಒತ್ತಿ ನನ್ನನ್ನ ಕೆಡವಿದ. ನ್ಯಾಯ ಬೇಕಾದೋರು ತಗೋಬೇಡಿ." ಚಾರ್ಜರ್ ಈ ಚೀಟಿಯನ್ನ ಫ್ರೇಮ್ ಹಾಕಿಸಿ ಗಲ್ಲಾ ಮೇಲೆ ಇಟ್ಟಿದ್ದಾನೆ.

ದೊಡ್ಡ ಕಥೆಯ ಆಟವೊಂದಿದೆ, ಮುಗಿಸೋಕೆ ತಿಂಗಳು ಬೇಕು. ಅದರ ಚೀಟಿ: "ಊರಿಗೆ ಊರೇ ನಿನಗೋಸ್ಕರ ಕಾಯ್ತಾ ನಿಂತಿರುತ್ತೆ. ನೀನು ಮೂರು ದಿನ ಸುಮ್ಮನೆ ಕೂತ್ರೂ ಆಟದೊಳಗಿನ ಅಂಗಡಿಯವನು ಎತ್ತಿದ ಕೈ ಕೆಳಗಿಳಿಸಲ್ಲ. ಸುಳ್ಳು. ಚಿತ್ರ ಮಾತ್ರ ಚೆನ್ನಾಗಿದೆ." ದೆವ್ವದ ಆಟಕ್ಕೆ ಎರಡೇ ಸಾಲು: "ಕೆಟ್ಟದ್ದು ಆಗೋಕೆ ಮುಂಚೆ ಸಂಗೀತ ಜೋರಾಗುತ್ತೆ. ನಿಜವಾಗಿ ಆಗುವಾಗ ಏನೂ ಸದ್ದಾಗಲ್ಲ."

ಆ ಚೀಟಿ ಓದಿದ ದಿನ ನಾನು ತರಕಾರಿ ಚೀಲ ಹಿಡ್ಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಮೇಲೆ ಹತ್ತಿ ಅಡುಗೆ ಮಾಡಿದೆ.

ನನ್ನ ತಮ್ಮ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದೋನು. ಡಿಪೋದಲ್ಲಿ ಅವನ ಹೆಸರು ನಿಧಾನಿ. ಬಸ್ಸು ಹೊರಡಿಸೋಕೆ ಮುಂಚೆ ಡ್ರೈವರ್ ಕೆಳಗಿಳಿದು ಬಸ್ಸಿನ ಸುತ್ತ ಒಂದು ಸುತ್ತು ನಡೀಬೇಕು ಅಂತ ನಿಯಮ ಇದೆ. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳಿಕೊಡೋದೇ ಅದನ್ನ. ಒಂದು ತಿಂಗಳು ನಡೀತಾರೆ, ಆಮೇಲೆ ಯಾರೂ ಇಳಿಯೋ ತೊಂದರೆ ತಗೊಳ್ಳಲ್ಲ. ಇವನು ಮಾತ್ರ ಒಂದು ಸಲವೂ ಬಿಟ್ಟೋನಲ್ಲ. ಟೈರಿಗೆ ಅಂಗೈಯಿಂದ ಒಂದೊಂದು ಏಟು, ಹಿಂದೆ ಹೋಗಿ ಬಗ್ಗಿ ಬಸ್ಸಿನಡಿ ಒಂದು ನೋಟ, ಆಮೇಲೆ ಹತ್ತೋದು. ಹೆಣ್ಣು ನೋಡೋಕೆ ಬಂದೋನ ಹಾಗೆ ಸುತ್ತ ತಿರುಗ್ತೀಯಲ್ಲೋ ಅಂತ ಉಳಿದೋರು ಆಡ್ಕೊಳ್ತಿದ್ರು.

ಏಳು ತಿಂಗಳ ಹಿಂದೆ, ಬೆಳಗ್ಗೆ ಏಳೂ ನಲವತ್ತಕ್ಕೆ, ನಿಲ್ದಾಣದಿಂದ ಬಸ್ಸು ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬರು ಕೂತಿದ್ರು. ರಿಟೈರಾದ ಮೇಷ್ಟ್ರು. ಚಪ್ಪಲಿ ಬಾರು ಕಿತ್ತಿತ್ತಂತೆ, ಸರಿ ಮಾಡ್ಕೊಳ್ಳೋಕೆ ಕುಕ್ಕರಗಾಲಲ್ಲಿ ಕೂತಿದ್ರು. ಕನ್ನಡಿಯಲ್ಲಿ ಕಾಣೋ ಎತ್ತರ ಅಲ್ಲ. ಅಲ್ಲೇ ಹೋದ್ರು.

ವಿಚಾರಣೆಯಲ್ಲಿ ಕೇಳಿದ್ರು, ಹೊರಡೋ ಮುಂಚೆ ಸುತ್ತು ಹಾಕಿದ್ಯಾ ಅಂತ. ಇವನು ಹೂಂ ಅಂದ. ಇಡೀ ಡಿಪೋ ಸಾಕ್ಷಿಗೆ ನಿಂತಿತು. ನಿಧಾನಿ ಸುತ್ತು ಹಾಕದೆ ಹೊರಡೋದು ಉಂಟಾ ಸಾರ್, ಅವನು ಸುತ್ತಿ ಹತ್ತಿದ ಮೇಲೆ ಆ ಯಜಮಾನ್ರು ಬಂದು ಕೂತಿರಬೇಕು ಅಂತ, ಆಡ್ಕೊಂಡು ನಗ್ತಿದ್ದೋರೇ ಒಬ್ಬರಾದ ಮೇಲೆ ಒಬ್ಬರು ಹೇಳಿದ್ರು. ತಪ್ಪಿಲ್ಲ ಅಂತ ಬರೆದು ಕಡತ ಮುಚ್ಚಿದ್ರು. ಅವತ್ತು ಶುರುವಾಗಿದ್ದು ಈ ಹೂಂ.

ಅಲ್ಲಿಂದ ಇವನು ರಜೆ ಹಾಕಿ ಮನೇಲಿ ಕೂತ. ಮದುವೆ ಇಲ್ಲ, ಮಕ್ಕಳಿಲ್ಲ, ಇರೋಳು ನಾನೊಬ್ಬಳು ಅಕ್ಕ, ಗಂಡ ಸತ್ತ ಮೇಲೆ ಇವನ ಜೊತೆಗೇ ಬಂದೋಳು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡ್ತೀನಿ. ಬಿಸಿ ರೋಲರ್ ಒಳಗಿಂದ ಬೆಡ್‌ಶೀಟ್ ಬರುತ್ತೆ, ಇಬ್ಬರು ನಾಲ್ಕು ಮೂಲೆ ಹಿಡಿದು ಮಡಿಸೋದು, ದಿನಕ್ಕೆ ಆರುನೂರು ಶೀಟು. ಯಾರದೋ ಜ್ವರ, ಯಾರದೋ ಸಾವು, ಎಲ್ಲ ಬೆಳ್ಳಗಾಗಿ ಬರುತ್ತೆ. ಮಡಿಸ್ತೀನಿ, ಇಡ್ತೀನಿ. ಕಾಲು ಜೋಮು ಹಿಡಿದಾಗ ಚಿವುಟಿದ್ರೂ ಗೊತ್ತಾಗಲ್ವಲ್ಲ, ಈ ಏಳು ತಿಂಗಳು ನನ್ನ ಒಳಗೂ ಹಾಗೇ ಇತ್ತು. ಅತ್ತಿಲ್ಲ. ಬೈದಿದ್ದೀನಿ ಮಾತ್ರ, ಹೊತ್ತು ಹೊತ್ತಿಗೆ.

ಡಿಪೋದಿಂದ ಕಾಗದ ಬಂತು. ಹದಿನೆಂಟನೇ ತಾರೀಕು ಬೆಳಗ್ಗೆ ಹತ್ತಕ್ಕೆ ಬಂದು ಬಸ್ಸು ಓಡಿಸಿ ತೋರಿಸಬೇಕು, ಬರದಿದ್ರೆ ಕೆಲಸದಿಂದ ತೆಗೀತಾರೆ. ನಾನು ಕಾಗದವನ್ನ ಟಿವಿ ಮೇಲೇ ಅಂಟಿಸಿದೆ. "ಹದಿನೆಂಟಕ್ಕೆ ಹೋಗ್ತೀಯ ತಾನೇ?" ಅಂದೆ. ಹೂಂ ಅಂದ. ಆ ಹೂಂ ನಂಬಿಕೊಂಡು ಕೂರೋಷ್ಟು ದಡ್ಡಿ ನಾನಲ್ಲ.

ಎಲ್ಲ ಥರದ ಆಟ ಆಡಿದ್ರೂ ಇವನು ಗಾಡಿ ಓಡಿಸೋ ಆಟ ಒಂದನ್ನೂ ಮುಟ್ಟಿರಲಿಲ್ಲ. ಕಾರಿನ ರೇಸ್ ಕೊಟ್ರೆ ಹಾಗೇ ವಾಪಸ್ ಕಳಿಸ್ತಿದ್ದ, ಚೀಟಿ ಇಲ್ಲದೆ. ಚಾರ್ಜರ್ ಹತ್ರ ಬಸ್ಸು ಓಡಿಸೋ ಆಟ ಒಂದಿದೆ ಅಂತ ನನಗೆ ಗೊತ್ತಿತ್ತು. ಅಲ್ಲಿ ಸ್ಟೀರಿಂಗ್ ಹಿಡಿದು ರೂಢಿಯಾದ್ರೆ ಇಲ್ಲೂ ಹಿಡೀತಾನೆ ಅಂತ ನನ್ನ ಲೆಕ್ಕಾಚಾರ.

"ಅದನ್ನ ಕೊಟ್ರೆ ನಿಮ್ಮ ತಮ್ಮ ನನ್ನ ಮುಖಕ್ಕೆ ಎಸೀತಾರೆ ಅಕ್ಕ" ಅಂದ ಚಾರ್ಜರ್.

"ಎಸೀಲಿ. ಅಷ್ಟಾದ್ರೂ ಮಾಡ್ಲಿ" ಅಂದೆ.

ಎಸೀಲಿಲ್ಲ. ಡಿಸ್ಕ್ ಹಾಕ್ದ. ಮೂರು ದಿನ ನಾನು ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಟಿವಿಯಿಂದ ಬಸ್ಸಿನ ಇಂಜಿನ್ ಸದ್ದು ಬರ್ತಿತ್ತು. ನನಗೆ ಒಳಗೊಳಗೇ ಖುಷಿ. ದಾರಿಗೆ ಬಂದ ಅಂತ ಪಕ್ಕದಲ್ಲಿ ಮಡಿಸೋ ಹೆಂಗಸಿಗೂ ಹೇಳಿದೆ. ಹದಿನೇಳನೇ ತಾರೀಕು ಮಧ್ಯಾಹ್ನ ಮೆಟ್ಟಿಲ ಹತ್ರ ಚಾರ್ಜರ್ ನನ್ನನ್ನ ಕರೆದ. ಚೀಟಿ ಕೈಯಲ್ಲಿತ್ತು.

"ಇದನ್ನ ಅಂಟಿಸೋಕೆ ನನಗೆ ಧೈರ್ಯ ಇಲ್ಲ. ನೀವೇ ಇಟ್ಕೊಳ್ಳಿ ಅಕ್ಕ."

ಚೀಟಿಯಲ್ಲಿ ಹೀಗಿತ್ತು: "ಕನ್ನಡಿ, ಬಾಗಿಲು, ಗೇರ್ ಎಲ್ಲ ನಿಜದ ಹಾಗೇ ಇದೆ. ಮಾಡಿದೋರು ಕೆಲಸ ಗೊತ್ತಿದ್ದೋರು. ಆದ್ರೆ ಹೊರಡೋ ಮುಂಚೆ ಇಳಿದು ಸುತ್ತು ಹಾಕೋಕೆ ಬಟನ್ ಇಲ್ಲ. ಎಲ್ಲ ಬಟನ್ನೂ ಒತ್ತಿ ನೋಡಿದೆ. ಅದಕ್ಕೇ ಮೂರು ದಿನ ಇಂಜಿನ್ ಶುರು ಮಾಡಿ ಕೂತಿದ್ದೆ, ಹೊರಡಲಿಲ್ಲ. ಒಂದು ಸಲ ಸುತ್ತು ಹಾಕದೆ ಹೊರಟಿದ್ದೆ. ಫೋನಲ್ಲಿದ್ದೆ."

ನನಗೆ ಗೊತ್ತೇ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅವತ್ತು ಫೋನ್ ಮಾಡಿದ್ದು ನಾನು. ಕುಕ್ಕರಿನ ರಬ್ಬರ್ ಸಡಿಲ ಆಗಿತ್ತು, ಬರುವಾಗ ಹೊಸದು ತಾ ಅಂತ ಹೇಳೋಕೆ. ಅವನು ಯಾವಾಗಲೂ ತಾಳಕ್ಕ, ಸುತ್ತು ಹಾಕಿ ಮಾಡ್ತೀನಿ ಅಂತ ಇಟ್ಟುಬಿಡ್ತಿದ್ದ. ಅವತ್ತು ನನಗೆ ಪಿತ್ತ ನೆತ್ತಿಗೇರಿತ್ತು. "ಇಡಬೇಡ. ಇಟ್ರೆ ನೀನು ಮತ್ತೆ ಮಾಡಲ್ಲ. ಯಾವ ಅಳತೆ ಅಂತ ಪೂರ್ತಿ ಕೇಳ್ಕೋ" ಅಂತ ಹಿಡ್ಕೊಂಡೆ. ಇಂಜಿನ್ ಸದ್ದು ಕೇಳಿಸ್ತಿತ್ತು. ನಾನು ಇನ್ನೂ ಬೈತಾ ಇದ್ದೆ. ಆಮೇಲೆ ಆ ಕಡೆ ಫೋನ್ ಬಿದ್ದ ಸದ್ದು. ಏಳೂ ನಲವತ್ತು ಅಂತ ವಿಚಾರಣೆಯಲ್ಲಿ ಓದಿದಾಗ ನನ್ನ ಫೋನ್ ತೆಗೆದು ಹೊತ್ತು ನೋಡಬಹುದಿತ್ತು. ನೋಡಲಿಲ್ಲ. ಕುಕ್ಕರನ್ನ ಅಟ್ಟದ ಮೇಲೆ ಹಾಕಿ ಪಾತ್ರೇಲಿ ಅನ್ನ ಮಾಡ್ತಾ ಬಂದೆ.

ಹದಿನೆಂಟಕ್ಕೆ ಅವನು ತಾನೇ ಎದ್ದು ಗಡ್ಡ ತೆಗೆದ. ಖಾಕಿ ಅಂಗಿ ಹಾಕ್ಕೊಂಡ. ನಾನೂ ಜೊತೆಗೆ ಹೊರಟೆ, ಬೇಡ ಅನ್ನಲಿಲ್ಲ. ಚೀಟಿ ನನ್ನ ಕೈಚೀಲದಲ್ಲಿತ್ತು.

ಡಿಪೋದ ಅಂಗಳದಲ್ಲಿ ಒಂದು ಖಾಲಿ ಬಸ್ಸು ನಿಲ್ಲಿಸಿದ್ರು. ಪರೀಕ್ಷೆ ಮಾಡೋ ಇನ್ಸ್‌ಪೆಕ್ಟರ್ ಹಳಬರು, ಇವನನ್ನ ಕಂಡು ಬೆನ್ನು ತಟ್ಟಿದ್ರು. ಕೀಲಿ ಕೊಟ್ರು. ಇವನು ಸುತ್ತು ಶುರು ಮಾಡ್ದ. ಮುಂದಿನ ಟೈರಿಗೆ ಏಟು, ಹಿಂದಿನ ಟೈರಿಗೆ ಏಟು. ಹಿಂದೆ ಹೋದೋನು ಆ ಕಡೆಯಿಂದ ಬರಲೇ ಇಲ್ಲ. ನಾನು ಹೋಗಿ ನೋಡಿದೆ. ಬಂಪರ್ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಮೇಷ್ಟ್ರು ಹೇಗೆ ಕೂತಿದ್ದಿರಬೇಕೋ ಹಾಗೆ. ಅಲ್ಲಿಂದ ಕನ್ನಡಿ ಕಾಣುತ್ತಾ ಅಂತ ಕತ್ತು ಎತ್ತಿ ನೋಡ್ತಿದ್ದ.

ಇನ್ಸ್‌ಪೆಕ್ಟರೂ ಬಂದ್ರು. "ಏನಪ್ಪಾ ನಿಧಾನಿ, ಆಯ್ತಾ ಸುತ್ತು? ಅವತ್ತೂ ಹಾಕಿದ್ದೆ, ಇವತ್ತೂ ಹಾಕಿದ್ದೀಯ. ಹತ್ತು, ಹೊರಡೋಣ."

"ಅವತ್ತು ಹಾಕಿರಲಿಲ್ಲ ಸಾರ್" ಅಂದ ನನ್ನ ತಮ್ಮ.

ಏಳು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲನೇ ಇಲ್ಲ ಅದು. ಇನ್ಸ್‌ಪೆಕ್ಟರ್ ಸುತ್ತ ನೋಡಿ ದನಿ ತಗ್ಗಿಸಿದ್ರು. "ಮುಗಿದು ಹೋದದ್ದು ಬಿಡು ಮಾರಾಯ. ನಾನು ಕೇಳಿಸ್ಕೊಂಡಿಲ್ಲ."

"ಕೇಳಿಸ್ಕೊಳ್ಳಿ ಸಾರ್. ಫೋನಲ್ಲಿದ್ದೆ. ಇಳೀಲಿಲ್ಲ."

ನನ್ನ ಜೋಮು ಬಿಟ್ಟಿದ್ದು ಆಗ. ಜೋಮು ಬಿಡುವಾಗ ಎಷ್ಟು ನೋಯುತ್ತೆ ಅಂತ ನಿಮಗೂ ಗೊತ್ತಿರುತ್ತೆ. "ಫೋನ್ ಮಾಡಿದ್ದು ನಾನು ಸಾರ್. ಇಡ್ತೀನಿ ಅಂದ, ಇಡಬೇಡ ಅಂತ ಹಿಡ್ಕೊಂಡೋಳು ನಾನು. ಬರ್ಕೊಳ್ಳೋದಿದ್ರೆ ನನ್ನ ಹೆಸರು ಬರ್ಕೊಳ್ಳಿ" ಅಂದೆ. ಕಣ್ಣಲ್ಲಿ ನೀರು ಬರ್ತಿತ್ತು, ಒರೆಸ್ಕೊಳ್ಳಲಿಲ್ಲ.

ತಮ್ಮ ಎದ್ದು ನಿಂತು ಮೊಣಕಾಲ ಮಣ್ಣು ಕೊಡವಿಕೊಂಡ. "ಇವಳು ಇಡಬೇಡ ಅಂತ ಇಪ್ಪತ್ತು ವರ್ಷದಿಂದ ಅಂತಾಳೆ ಸಾರ್. ನಾನು ಯಾವಾಗಲೂ ಇಟ್ಟಿದ್ದೀನಿ. ಅವತ್ತು ಇಡಲಿಲ್ಲ. ಇಡಬೇಕಾದೋನು ನಾನು."

ಇನ್ಸ್‌ಪೆಕ್ಟರ್ ಕೈ ಚಾಚಿದ್ರು, ಇವನು ಕೀಲಿ ಕೊಟ್ಟ. ಇದನ್ನ ನಾನು ಬರೀಲೇಬೇಕಾಗುತ್ತೆ ಅಂದ್ರು. ಬರೀರಿ ಅಂದ. ಕೆಲಸ ಹೋಯ್ತು ಅಂತ ಮೂವರಿಗೂ ಅಲ್ಲೇ ಗೊತ್ತಾಯ್ತು. ಅದಕ್ಕಿಂತ ಹೆಚ್ಚಿನದು ಬರಬಹುದು ಅಂತಲೂ ಗೊತ್ತಾಯ್ತು.

ವಾಪಸ್ ಬರೋಕೆ ನಿಲ್ದಾಣದಲ್ಲಿ ಬಸ್ಸು ಹತ್ತಿದ್ವಿ. ಏಳು ತಿಂಗಳಾದ ಮೇಲೆ ಅವನು ಅಲ್ಲಿಗೆ ಬಂದಿದ್ದು. ಕಿಟಕಿ ಪಕ್ಕ ಕೂತ. ನಾನು ಕೈಚೀಲದಿಂದ ಚೀಟಿ ತೆಗೆದು ತೋರಿಸಿದೆ. "ಇದನ್ನ ಏನು ಮಾಡ್ಲೋ?"

"ಚಾರ್ಜರ್‌ಗೆ ಕೊಡು, ಅಂಟಿಸಲಿ. ಆಟ ತಗೊಳ್ಳೋರಿಗೆ ಗೊತ್ತಿರಬೇಕು" ಅಂದ.

ಅಷ್ಟರಲ್ಲಿ ಡ್ರೈವರ್ ಬಂದ, ವಯಸ್ಸಿನ ಹುಡುಗ. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸ್ಕೊಂಡು, ಆಯ್ತಮ್ಮ, ತರ್ತೀನಮ್ಮ ಅಂತ ಯಾರಿಗೋ ಹೇಳ್ತಾ ಸೀಟಿಗೆ ಹತ್ತಿ ಇಂಜಿನ್ ಶುರು ಮಾಡ್ದ. ನನ್ನ ತಮ್ಮ ಎದ್ದ. "ಸೀಟು ನೋಡ್ಕೋ ಅಕ್ಕ" ಅಂತ ಹೇಳಿ ಇಳಿದು ಹೋದ. ಕಿಟಕಿ ಕೆಳಗೆ ಟೈರಿಗೆ ಅಂಗೈ ಏಟು ಬಿದ್ದದ್ದು ಕೇಳಿಸ್ತು. ಆಮೇಲೆ ಹಿಂದೆ. ಆಮೇಲೆ ಆ ಕಡೆ. ಮುಂದಿಂದ ಬಂದು ಡ್ರೈವರಿನ ಕಿಟಕಿ ತಟ್ಟಿದ.

"ಹಿಂದೆ ಯಾರೂ ಇಲ್ಲ. ಫೋನಿಟ್ಟು ಹೊರಡಪ್ಪ."

ಡ್ರೈವರ್ ಅವನ ಖಾಕಿ ಅಂಗಿ ನೋಡಿ ಫೋನಿಟ್ಟ. ತಮ್ಮ ಬಂದು ನನ್ನ ಪಕ್ಕ ಕೂತ. ಕಂಡಕ್ಟರ್ ಬಂದ್ರು, ನಾನು ಎರಡು ಟಿಕೆಟ್ ತಗೊಂಡೆ.