ಅವಳ ಎಡಗೈಯ ಲಿಂಗ

ಒಂದು ಮುಂಜಾನೆ ಪೂಜೆಗೆ ಕುಳಿತ ಹೆಂಡತಿ ನನ್ನನ್ನು ಕರೆದಳು. ಎಡ ಅಂಗೈ ಮೇಲೆ ಇಷ್ಟಲಿಂಗವಿತ್ತು.

"ಕಣ್ಣು ಮುಚ್ಚಿದ್ರ ಕೈಯಾಗ ಲಿಂಗ ಐತೋ ಇಲ್ಲೋ ತಿಳೀವಲ್ದುರೀ."

ಕೈ ಜೋಮು ಹಿಡಿದು ಎರಡು ವಾರವಾಗಿತ್ತಂತೆ. ಅವಳ ಹೆದರಿಕೆ ಕೈಯ ಬಗ್ಗೆ ಅಲ್ಲ, ಪೂಜೆಯ ಬಗ್ಗೆ. ಎಂಟನೆಯ ವಯಸ್ಸಿಗೆ ಉಮರ್ಗಾದ ತವರಿನಲ್ಲಿ ದೀಕ್ಷೆಯಾದಂದಿನಿಂದ ಅವಳು ಅದನ್ನು ತಪ್ಪಿಸಿದವಳಲ್ಲ. ಎಂಟೋ ಹತ್ತೋ, ಹಿಂದೊಮ್ಮೆ ಕೇಳಿದಾಗ ಹತ್ತು ಎಂದಿದ್ದಳು.

ನನ್ನ ಲಿಂಗ ನಿಲಂಗಾದ ನಮ್ಮ ಮನೆಯ ದೇವರ ಜಗುಲಿಯ ಮೇಲಿದೆ. ಕಾಲೇಜಿನಲ್ಲಿದ್ದಾಗ ಕೊರಳಿಂದ ತೆಗೆದೆ. ಯಾಕೆ ಎಂದರೆ ಈಗ ಒಳ್ಳೆಯ ಕಾರಣ ಕೊಡಬಲ್ಲೆ. ಆಗಿದ್ದ ಕಾರಣ ನೆನಪಿಲ್ಲ. ಮದುವೆಯಾದ ವಾರವೇ ಅವಳು ನನ್ನ ಬರಿ ಕೊರಳು ನೋಡಿ, "ಅದು ನಿಮ್ದು ಶಿವಂದು ವ್ಯವಹಾರ, ನಾ ನಡುವ ಬರಂಗಿಲ್ಲ" ಎಂದಿದ್ದಳು. ಇಷ್ಟು ವರ್ಷ ಮಾತಿಗೆ ತಪ್ಪಿಲ್ಲ. ದಿನಾ ನನ್ನ ಲಿಂಗದ ಕರಡಿಗೆಯ ಧೂಳು ಒರೆಸಿಡುತ್ತಾಳೆ, ಅಷ್ಟೆ.

ಡಾಕ್ಟರು ತಲೆ, ಕುತ್ತಿಗೆಯ ಸ್ಕ್ಯಾನ್ ಬರೆದು ಉದಗೀರಿಗೆ ಕಳಿಸಿದರು. ಗಡ್ಡೆ ಇರಬಹುದೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು.

"ಮಾವಶಿ, ಗಳ್ಯಾತಲಂ ಸಗಳಂ ಕಾಢಾ," ಎಂದು ಮಷಿನ್ ನಡೆಸುವ ಹೆಣ್ಣುಮಗಳು ಮರಾಠಿಯಲ್ಲಿ ಹೇಳಿ ಅವಳ ಕೊರಳು ತೋರಿಸಿದಳು. ಕೊರಳಲ್ಲಿ ಏನೂ ಇರುವಂತಿಲ್ಲ. ಹೆಂಡತಿ ತಾಳಿ ತೆಗೆದು ನನ್ನ ಅಂಗಿಯ ಕಿಸೆಗೆ, ಬಸ್ಸಿನ ಟಿಕೇಟಿನ ಜೊತೆ ತುರುಕಿದಳು.

"ಇದು ಕಿಸೆದಾಗ ಇರ್ಲಿ. ಇದರ ಧಣಿ ಎದುರಿಗೇ ಕುಂತಾರಲ್ಲ."

ಲಿಂಗಕ್ಕೆ ಮಾತ್ರ ಹೊತ್ತು ಹಿಡಿಯಿತು. ಕೊರಳ ಕರಡಿಗೆ ಬಿಚ್ಚಿ, ಲಿಂಗವನ್ನು ನನ್ನ ಎಡ ಅಂಗೈ ಮೇಲಿಟ್ಟಳು. "ನಾ ಹೊರಗ ಬರೂತನಕ ಕೆಳಗಿಡಬ್ಯಾಡ್ರಿ. ಕೈನೂ ಬದಲಸಬ್ಯಾಡ್ರಿ." ಬಾಗಿಲು ಮುಚ್ಚಿತು.

ಕೂಡಲೇ ಒಂದು ಫಾರ್ಮಿಗೆ ನನ್ನ ಸಹಿ ಕೇಳಿದರು. ನಾನು ಎಡಚ. ಬರೆಯುವ ಕೈ ಲಿಂಗಕ್ಕೆ ಹೋಗಿತ್ತು. ಬಲಗೈಯಲ್ಲಿ ಪೆನ್ನು ಹಿಡಿದರೆ ಕಾಗದ ಜಾರುತ್ತದೆ. ಹಣೆಗೆ ಅರಿಶಿನದ ಭಂಡಾರ ಬಳಿದುಕೊಂಡ ಕುರಿಗಾರ ಮುದುಕನೊಬ್ಬ ಪಕ್ಕದಲ್ಲಿ ಕುಳಿತಿದ್ದ.

"ಏನೈತ್ರಿ ಕೈಯಾಗ?"

"ನಮ್ಮಾಕಿ ಲಿಂಗ."

"ಹಂಗಾರ ಅಳ್ಳಾಡಬ್ಯಾಡ್ರಿ. ಕಾಗದ ನಾ ಹಿಡೀತೀನಿ. ನಮ್ಮ ದೇವ್ರು ಬೀರಪ್ಪ ಏನ ಸಿಟ್ಟಾಗಂಗಿಲ್ಲ."

ನಾನು ಪ್ರಾರ್ಥಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ನಾನು ಬೆವರಿಗೆ ಲಿಂಗ ಜಾರೀತೆಂದು ಹೆದರುತ್ತಿದ್ದೆ. ಅದು ಅವಳ ಮೈಯ ಬಿಸಿಯಿಂದ ಬೆಚ್ಚಗಿತ್ತು. ಆ ಬಿಸಿ ಯಾವಾಗ ಹೋಗಿ ನನ್ನದು ತುಂಬಿತೋ ತಿಳಿಯಲಿಲ್ಲ. ಒಂದು ತಾಸು ಹಾಗೆ ಕುಳಿತಿದ್ದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅವಳು ಅರ್ಧ ತಾಸು ಎನ್ನುತ್ತಾಳೆ. ಅವಳದೇ ಸರಿ ಇರಬಹುದು.

ಹೊರಬಂದವಳು ಲಿಂಗ ಧರಿಸಿದ ಮೇಲೆಯೇ ಫಾರ್ಮಿನ ಕಡೆ ನೋಡಿದಳು.

"ಇದೇನ್ರೀ, ಕೋಳಿ ಕೆದರಿದಂಗ?"

"ಎಡಗೈ ನೀನೇ ತೊಗೊಂಡಿದ್ದಿಯಲ್ಲ."

ಅವಳು ನಕ್ಕಳು. ಎರಡು ವಾರದಲ್ಲಿ ಅದೇ ಮೊದಲ ನಗು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಸಂಜೆ ರಿಪೋರ್ಟು ಬಂತು. ಗಡ್ಡೆ ಇಲ್ಲ. ಕುತ್ತಿಗೆಯಲ್ಲಿ ನರ ಒತ್ತಿದೆ, ಸ್ಪರ್ಶ ನಿಧಾನವಾಗಿ ಮರಳಬಹುದು, ಎಷ್ಟು ಎಂದು ಹೇಳಲಾಗದು ಎಂದರು.

ಮರುದಿನ ಮುಂಜಾನೆ ಪೂಜೆಗೆ ಕುಳಿತವಳು, "ಕೆಳಗ ಕೈ ಕೊಡ್ರಿ" ಎಂದಳು. ಅಂದಿನಿಂದ ಬೇಗ ಸ್ನಾನ ಮಾಡಿ ಅವಳೆದುರು ಕೂರುತ್ತೇನೆ. ನನ್ನ ಅಂಗೈ ಮೇಲೆ ಅವಳ ಅಂಗೈ, ಅದರ ಮೇಲೆ ಅವಳ ಲಿಂಗ. ಕೈ ವಾಲಿದರೆ ನಾನು ಹೇಳುತ್ತೇನೆ, ಅವಳು ಸರಿಮಾಡಿಕೊಳ್ಳುತ್ತಾಳೆ. ನನ್ನ ಕೊರಳು ಇನ್ನೂ ಬರಿದೇ ಇದೆ, ಅವಳು ಕೇಳಿಲ್ಲ. ಕೇಳದೆಯೇ ನನ್ನನ್ನು ಇಷ್ಟು ಹತ್ತಿರ ಕೂರಿಸಿಕೊಂಡಿದ್ದಾಳಲ್ಲ, ಆ ಋಣ ನನ್ನ ಮೇಲಿದೆ.

ನಿನ್ನೆ ಹೆಬ್ಬೆರಳ ಬುಡದಲ್ಲಿ ಏನೋ ತಣ್ಣಗೆ ತಾಗಿತು ಎಂದಳು. ಲಿಂಗವೋ, ಅಭಿಷೇಕದ ನೀರೋ, ಅವಳಿಗೂ ಖಾತ್ರಿ ಇಲ್ಲ. ನಾನು ಕೈ ಸರಿಸಿ ನೋಡಹೋದೆ.

"ತಗೀಬ್ಯಾಡ್ರಿ," ಎಂದಳು, ಕಣ್ಣು ಮುಚ್ಚಿಕೊಂಡೇ. "ಇನ್ನೂ ಮುಗಿದಿಲ್ಲ."