ಎಲ್ಲರನ್ನೂ ಕರೆದ ವರ್ಷ

ನಮ್ಮಕ್ಕನಷ್ಟು ಅಚ್ಚುಕಟ್ಟಾಗಿ ಮೊರದ ಬಾಗಿನ ಕಟ್ಟುವವರನ್ನು ಇಡೀ ಚಾಮರಾಜಪೇಟೆಯಲ್ಲಿ ನಾನು ಕಂಡಿಲ್ಲ. ಅಕ್ಕಿಪೇಟೆಯಿಂದ ಅಕ್ಕಿ, ಬೇಳೆ ತಂದು, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆಕಣ ಜೋಡಿಸಿ, ಮೇಲೊಂದು ಮೊರ ಮುಚ್ಚಿ ದಾರ ಸುತ್ತಿದಳೆಂದರೆ ಅಲ್ಲಾಡಿಸಿದರೂ ಒಂದು ಕಾಳು ಉದುರುತ್ತಿರಲಿಲ್ಲ. ಭಾವ ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಳ್ಳಲು ಬಂದ ಒಬ್ಬಾಕೆ ಅಕ್ಕನ ಬೋಳು ಹಣೆ ನೋಡಿ, "ಆಮೇಲೆ ಬರ್ತೀನಿ" ಎಂದು ಮೊರ ಕೆಳಗಿಟ್ಟು ಹೊರಟಳು. ಆಮೇಲೆ ಆಕೆಯೂ ಬರಲಿಲ್ಲ, ಬೇರೆ ಯಾರೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಡೋಣ ಎಂದವಳು ನಾನೇ. ಅಲ್ಲಿ ಯಾರೂ ಹಣೆ ನೋಡುವುದಿಲ್ಲವಲ್ಲ! ಪುಣೆ, ದೆಹಲಿಯಲ್ಲಿದ್ದ ಅಣ್ಣತಮ್ಮಂದಿರು ಬೆಂಗಳೂರಿನ ತಂಗಿಯರಿಗೆ ಬಾಗಿನ ಕಳಿಸಲು ಮೊದಲ ವರ್ಷವೇ ಆರ್ಡರ್ ಕೊಟ್ಟರು. ಇನ್ನೊಂದು ಹಬ್ಬ ಹೀಗೇ ನಡೆದರೆ ಅಕ್ಕ ಮೈದುನನ ಮನೆಗೆ ಹೋಗಿ ಅವರ ಹಂಗಿನಲ್ಲಿ ಬಾಳುವುದು ತಪ್ಪುತ್ತಿತ್ತು. ನಮಗೆ ಬೇಕಾಗಿದ್ದುದು ಅಷ್ಟೇ.

ಮರುವರ್ಷ ಅಕ್ಕ, "ಈ ಸಲ ಎಲ್ರಿಗೂ ಮೇಲ್ ಹಾಕೋಣ ಕಣೇ. ಒಂದು ಮನೇನೂ ಬಿಡಬಾರ್ದು" ಎಂದಳು.

"ಗುರುತು ಪರಿಚಯ ಇಲ್ದೋರಿಗೆಲ್ಲ ಯಾಕಕ್ಕಾ?"

"ಅರಿಶಿನ-ಕುಂಕುಮಕ್ಕೆ ಬೀದಿಯೆಲ್ಲಾ ಕರೀತಾರೆ, ನಮ್ಮ ಬಾಗಿಲು ಮಾತ್ರ ದಾಟ್ಕೊಂಡ್ ಹೋಗ್ತಾರೆ. ಹೆಂಗಾಗುತ್ತೆ ಅಂತ ನಂಗೊತ್ತು. ಯಾರನ್ನೂ ಬಿಡ್ಬೇಡ."

ಆಗೆಲ್ಲ ದೇವರ ಪಟದ ಮೇಲ್‌ಗಳು ಬರುತ್ತಿದ್ದವು, ಹತ್ತು ಜನರಿಗೆ ಕಳಿಸದಿದ್ದರೆ ಕೇಡು ಎಂಬ ಬೆದರಿಕೆಯ ಸಮೇತ. ಅವುಗಳ ತಲೆಯ ಮೇಲೆ ಊರವರ ವಿಳಾಸವೆಲ್ಲ ಸಾಲಾಗಿ ಕೂತಿರುತ್ತಿತ್ತು. ಅಕ್ಕ ಒಂದನ್ನೂ ಬಿಡದೆ ಆರಿಸಿಕೊಂಡಳು. ಕಳಿಸಿದ್ದೂ ಒಂದು ಸಲವಲ್ಲ. "ಒಂದ್ಸಲ ಕರೆದ್ರೆ ಅದೊಂದು ಕರೆಯೋದಾ? ನೆನಪು ಮಾಡ್ಬೇಕಪ್ಪ" ಎಂದು ಮತ್ತೆ ಕಳಿಸಿದಳು, ಮತ್ತೂ ಕಳಿಸಿದಳು. ಹಾಲ್‌ನಲ್ಲಿ ಮೊರಗಳು ಕಿಟಕಿಯವರೆಗೆ ಏರಿದವು.

ಒಂದು ಆರ್ಡರೂ ಬರಲಿಲ್ಲ. ಆಫೀಸಿನಲ್ಲಿ ನನ್ನದೇ ಮೇಲ್ ತೆಗೆದು ಹುಡುಕಿದೆ. ನಮ್ಮ ಗೌರಿ ಹಬ್ಬದ ಕರೆ ಕಸದ ಫೋಲ್ಡರಿನಲ್ಲಿ ಬಿದ್ದಿತ್ತು. ಮೇಲೆ ಲಾಟರಿ ಬಹುಮಾನ, ಕೆಳಗೆ ತೆಳ್ಳಗಾಗುವ ಮಾತ್ರೆ. ಥೂ!

ನಮ್ಮ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಆತ ಸಮಾಧಾನವಾಗಿಯೇ ಹೇಳಿದ: "ಕೇಳ್ದೇ ಇರೋರಿಗೆಲ್ಲ ಕಳ್ಸಿದೀರಿ ಮೇಡಂ. ತುಂಬಾ ಜನ ಸ್ಪ್ಯಾಮ್ ಅಂತ ಒತ್ತಿದಾರೆ. ಈಗ ನಿಮ್ಮ ಅಂಗಡಿ ಹೆಸರಲ್ಲಿ ಏನೇ ಹೋದ್ರೂ ಕಸಕ್ಕೇ ಬೀಳತ್ತೆ."

"ಹೋದ ವರ್ಷ ತಗೊಂಡೋರಿಗೂ?"

"ಅವ್ರಿಗೂ ಅಷ್ಟೇ. ಸರಿಹೋಗೋಕೆ ತಿಂಗಳುಗಟ್ಟಲೆ ಬೇಕು."

ಹಬ್ಬ ನಾಡಿದ್ದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ಸುಳ್ಳಲ್ಲ. ಮನೆಗೆ ಬಂದು ಎಲ್ಲ ಹೇಳಿದೆ. ಅಕ್ಕ, "ನಾವು ಕರೆದಿದ್ದು ಅವ್ರಿಗೆ ಕಾಟ ಆಯ್ತಾ?" ಎಂದು ಕೇಳಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಹಬ್ಬದ ಹಿಂದಿನ ದಿನ ಪುಣೆಯಿಂದ ಫೋನ್. ಅಕ್ಕ ಎತ್ತಿಕೊಂಡಳು. ಹೋದ ವರ್ಷ ತಂಗಿಗೆ ಬಾಗಿನ ಕಳಿಸಿದ್ದವರು. ಹತ್ತಿರವೇ ನಿಂತಿದ್ದ ನನಗೆ ಅವರ ದನಿ ಚೆನ್ನಾಗಿ ಕೇಳುತ್ತಿತ್ತು.

"ಏನಮ್ಮಾ, ಈ ಸಲ ನಮ್ಮನ್ನ ಮರೆತೇಬಿಟ್ರಾ? ನಿಮ್ಮ ಮೇಲ್ ಬರುತ್ತೆ ಅಂತ ಕಾದೆ ಕಾದೆ, ಕೊನೆಗೆ ಬೇರೆ ಕಡೆ ಹೇಳ್ದೆ. ಅಂಗಡಿ ನಿಲ್ಲಿಸಿಬಿಟ್ರಾ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಕೈಸನ್ನೆ ಮಾಡಿದೆ. ಅಕ್ಕ ಮೊರಗಳ ಕಡೆ ನೋಡಿದಳು.

"ಹೌದು ಸರ್, ನಿಲ್ಲಿಸಿಬಿಟ್ವಿ. ನಿಮ್ಮ ತಂಗಿ ಚೆನ್ನಾಗಿದಾರಾ?"

ಫೋನ್ ಇಟ್ಟು ಒಂದು ಮೊರ ಎಳೆದುಕೊಂಡು ದಾರ ಬಿಚ್ಚತೊಡಗಿದಳು. ಅಕ್ಕಿ ಒಂದು ಚೀಲಕ್ಕೆ, ಬೇಳೆ ಒಂದಕ್ಕೆ.

"ಬಿಡೇ ಅಕ್ಕಾ, ಈಗ್ಯಾಕೆ ಇದು?" ಎಂದೆ.

"ಮೈದುನನ ಮನೆಗೆ ಬರಿಗೈಲಿ ಹೋಗಕ್ಕಾಗುತ್ತೇನೇ?"