ಹುಲಿಯ ಹಣೆಗೆ ಒಂದು ಉದ್ದಗೆರೆ

ಅರಗಿನ ವಾಸನೆ ಮೊದಲು ಬಂತೋ ಲೇತಿನ ಸದ್ದು ಮೊದಲು ಕೇಳಿತೋ, ಈಗ ಹೇಳಲಾರೆ. ಹುಲಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ನನ್ನ ಮುಷ್ಟಿಯಷ್ಟಿತ್ತು, ಹಳದಿಯಾಗಿತ್ತು, ಇನ್ನೂ ಬೆಚ್ಚಗಿತ್ತು.

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ನಮ್ಮ ವಿನ್ಯಾಸ ಕಾಲೇಜಿನ ಕಾರ್ಯಾಗಾರ. ಚೀನಾದ ಹಳೆಯ ಪ್ರಾಣಿರೂಪಗಳಲ್ಲಿ ಒಂದನ್ನು ಆರಿಸಿಕೊಂಡು ಇಲ್ಲಿಯ ಮರ, ಇಲ್ಲಿಯ ಅರಗಿನಲ್ಲಿ ಬೊಂಬೆ ಮಾಡಬೇಕು. ಕೊನೆಯ ದಿನ ಮೂರು ಗಂಟೆಗೆ ಮೇಜಿನ ಮೇಲಿದ್ದದ್ದು ರಾಮನಗರದ ಪ್ರದರ್ಶನಕ್ಕೆ ಹೋಗುತ್ತದೆ, ಉಳಿದದ್ದು ಇಲ್ಲ. ನಮ್ಮ ಕಾಲೇಜಿನ ಮೇಡಂ ಇನ್ನೊಂದು ಷರತ್ತು ಹಾಕಿದ್ದರು: ಕುಂಚ ಮುಟ್ಟುವಂತಿಲ್ಲ, ಬಣ್ಣವೆಲ್ಲ ಮರ ತಿರುಗಿಸುವ ಲೇತಿನಿಂದಲೇ ಬರಬೇಕು.

ನಾನು ಆರಿಸಿದ್ದು ಅಲ್ಲಿನ ಮಕ್ಕಳಿಗೆ ಹೊಲಿದುಕೊಡುವ ಬಟ್ಟೆ ಹುಲಿಯನ್ನು. ಅದರ ಹಣೆಯ ಮೇಲೆ ಮೂರು ಅಡ್ಡಗೆರೆ, ಅವುಗಳ ನಡುವೆ ಹಾಯುವ ಒಂದು ಉದ್ದಗೆರೆ. ಅವರ ಲಿಪಿಯಲ್ಲಿ ಅದು ‘ಅರಸ’ ಎಂಬ ಅಕ್ಷರ. ಅದಿಲ್ಲದಿದ್ದರೆ ನನ್ನ ಹುಲಿ ಬರೀ ಬೆಕ್ಕು.

ಕೊನೆಯ ದಿನ ಅಡ್ಡಗೆರೆಗಳು ಸಲೀಸಾಗಿ ಬಂದವು. ನನಗೆ ಕಲಿಸುತ್ತಿದ್ದ ಕಾರ್ಖಾನೆಯ ಅಕ್ಕ ತಿರುಗುವ ತಲೆಗೆ ಕಪ್ಪು ಅರಗಿನ ಕಡ್ಡಿ ತಾಗಿಸಿದರು. ಉಜ್ಜುವ ಬಿಸಿಗೆ ಅರಗು ಕರಗಿ ಗೆರೆ ತಾನಾಗಿ ಸುತ್ತಿಕೊಂಡಿತು. ಒಂದು, ಎರಡು, ಮೂರು. ಲೇತು ನಿಲ್ಲಿಸಿ ನೋಡಿ ಅಕ್ಕ ನಕ್ಕುಬಿಟ್ಟರು.

“ಏನಮ್ಮಿ, ನಿನ್ ಚೀನಾ ಹುಲಿ ವಿಭೂತಿ ಇಕ್ಕೊಂಡೈತಲ್ಲ! ಸೋಮವಾರ ಮಾಂಸ ಬುಟ್ಟೈತಾ?”

“ಇನ್ನೊಂದು ಗೆರೆ ಐತೆ ಅಕ್ಕ. ಮೇಲಿಂದ ಕೆಳಕ್ಕೆ.”

ನಗು ನಿಂತಿತು. “ಅದಾಗಕಿಲ್ಲ. ತಿರುಗಿದ್ರೆ ತಾನೆ ಕಾವು, ಕಾವಿದ್ರೆ ತಾನೆ ಅರಗು? ತಿರುಗ್ದಾಗ ಬರೋದೆಲ್ಲ ಅಡ್ಡಗೇನೆ.”

ನಿಂತ ತಲೆಯ ಮೇಲೆ ಕಡ್ಡಿ ಉಜ್ಜಿ ನೋಡಿದೆ. ಗಾಜಿನ ಮೇಲೆ ಬಳಪ ಎಳೆದ ಹಾಗಾಯಿತು. ಆಗಲೇ ಎರಡು ಗಂಟೆ ದಾಟಿತ್ತು.

ಮುಂದಿನದನ್ನು ನಾನು ಹಲವು ಸಲ ಹೇಳಿಕೊಂಡು ತಿರುಗಿದ್ದೇನೆ, ಪ್ರತಿ ಸಲವೂ ಉಪಾಯ ನನ್ನದೇ. ಪಕ್ಕದ ಲೇತಿನಲ್ಲಿ ಮೀನು ಮಾಡುತ್ತಿದ್ದ ಮಾಗಡಿಯ ಗೆಳತಿ ಒಪ್ಪುವುದಿಲ್ಲ. ಬುಟ್ಟಿಯಲ್ಲಿದ್ದ ಆಟದ ಕಾರಿನ ಚಕ್ರವನ್ನು ಮೊದಲು ಎತ್ತಿಕೊಂಡದ್ದು ಅಕ್ಕ ಎನ್ನುತ್ತಾಳೆ. ಇದ್ದೀತು. ನೆನಪಿನಲ್ಲಿ ಜಾಣಮಾತೆಲ್ಲ ನನ್ನ ಬಾಯಿಂದಲೇ ಬರುವುದು ನನಗೂ ಸರಿಕಾಣುತ್ತಿಲ್ಲ. ಯಾರು ಹೇಳಿದರೋ, ಹೇಳಿದ್ದು ಇಷ್ಟು: ಹುಲಿ ತಿರುಗಲೇಬೇಕೆಂದು ಏನಿದೆ? ಅರಗೇ ತಿರುಗಲಿ!

ಅಕ್ಕ ಹುಲಿಯ ತಲೆ ಬಿಚ್ಚಿ ಚಕ್ರವನ್ನು ಲೇತಿಗೆ ಸಿಕ್ಕಿಸಿ, ಅಂಚನ್ನು ಉಳಿಯಿಂದ ತೆಳ್ಳಗಾಗಿಸಿ, ಕಪ್ಪು ಅರಗು ಹತ್ತಿಸಿದರು.

“ಒಸಿ ಜಾಸ್ತಿ ಅದುಮಿದ್ರೆ ಹಳದೀನೂ ಕರಗೋಯ್ತದೆ. ಬ್ಯಾರೆ ತಲೆ ಮಾಡಾಕೆ ಟೈಮಿಲ್ಲ.”

“ನೀವೇ ಹಿಡೀರಿ ಅಕ್ಕ.”

“ನಿನ್ ಹುಲಿ, ನೀನೇ ಹಿಡಿ. ಮೊದ್ಲು ಉಸುರು ಬುಡು.”

ಹಿಡಿದೆ. ತಿರುಗುವ ಚಕ್ರದ ಅಂಚಿಗೆ ಹಣೆ ತಾಗಿಸಿದೆ. ಚುರ್ ಎಂದಿತು. ಎಳೆದುಕೊಂಡು ನೋಡಿದರೆ ಹಣೆಯ ಮೇಲೆ ಗೆರೆ! ತುಸು ವಾಲಿತ್ತು, ಮೂಗಿನ ಹತ್ತಿರ ಕದಡಿತ್ತು. ಆದರೂ ಮೂರನ್ನೂ ಹಾದು ಇಳಿದಿತ್ತು. ಅರಸ! ನಾನು ಕಿರುಚಿದೆನಂತೆ. ನನಗೆ ಕೇಳಿಸಿದ್ದು ಅಕ್ಕನ ಕೂಗು ಮಾತ್ರ.

“ಅಯ್ಯಯ್ಯೋ, ಈಗ ನಾಮಾನೂ ಇಟ್ಬುಟ್ಟಳು!”

“ನಮ್ ಸಾವನದುರ್ಗಕ್ಕೆ ಕಳ್ಸು ಕಣೆ,” ಗೆಳತಿ ಅಂದಳು. “ಅಲ್ಲಿ ವೀರಭದ್ರನೂ ಅವ್ನೆ, ನರಸಿಂಹನೂ ಅವ್ನೆ. ಯಾರೂ ಓಡ್ಸಕಿಲ್ಲ.”

ಮೂರಕ್ಕೆ ಐದೇ ನಿಮಿಷವಿದ್ದಾಗ ಮೇಡಂ, ಮೈಗೆ ತಲೆ ಸಿಕ್ಕಿಸಿದ್ದ ಹುಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಈ ಗೆರೆ ಕುಂಚದ್ದಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಲೇತು ಚಾಲೂ ಮಾಡಿದರು. ಬುಟ್ಟಿಯಿಂದ ಒಂದು ಒಡಕು ಮಣಿ ತೆಗೆದು ಚಕ್ರಕ್ಕೆ ಮುಟ್ಟಿಸಿ ಮೇಡಂ ಅಂಗೈಗಿಟ್ಟರು. ಬಿಸಿ ಗೆರೆ ನೋಡಿ ಮೇಡಂ “ಅರೆ!” ಎಂದರು. ಮಣಿಯನ್ನು ಇನ್ನೊಂದು ಕೈಗೆ ದಾಟಿಸಿ ಹುಲಿಯನ್ನು ತಾವೇ ಮೇಜಿನ ಮೇಲಿಟ್ಟರು.

ಲೇತು ಆರಿಸಲು ಅಕ್ಕ ಕೈ ಚಾಚಿದ್ದರು. ಅಷ್ಟರಲ್ಲಿ ಗೆಳತಿ ಈಜುರೆಕ್ಕೆಯ ಉದ್ದಗೆರೆ ಇನ್ನೂ ಬಾರದ ತನ್ನ ಮೀನು ಹಿಡಿದು ಓಡಿಬಂದಳು.

“ಅಕ್ಕಾ, ಅಕ್ಕಾ, ನಿಲ್ಲಿಸ್ಬ್ಯಾಡಿ! ಎರಡೇ ಗೆರೆ!”